ಎರಡು ಸಲ ಈಜಿದ ಆರು ಇಲಿಗಳು

ಇಲಿಯ ಬಾಲ ತಳಕ್ಕೆ ತಾಗಬಾರದು, ಅದರ ಮುಂಗಾಲು ಅಂಚಿಗೆ ಎಟುಕಬಾರದು. ಗಾಜಿನ ಜಾಡಿಗೆ ನೀರು ತುಂಬುವಾಗ ನಾನು ನೋಡಿಕೊಳ್ಳಬೇಕಾಗಿದ್ದುದು ಇಷ್ಟು. ನೀರು ತೀರಾ ತಣ್ಣಗಿರಬಾರದು, ಬೆಚ್ಚಗೂ ಇರಬಾರದು. ಅದಕ್ಕೆ ಒಂದು ಥರ್ಮಾಮೀಟರ್ ಇತ್ತು. ಬಾಲ ಹಿಡಿದು ಇಲಿಯನ್ನು ಮೆಲ್ಲಗೆ ನೀರಿಗೆ ಬಿಟ್ಟು ಆರು ನಿಮಿಷ ನೋಡಬೇಕು. ಮೊದಮೊದಲು ಅದು ಸುತ್ತ ಈಜುತ್ತದೆ, ಗಾಜು ಕೆರೆಯುತ್ತದೆ, ಹೊರಗೆ ಹೋಗಲು ದಾರಿ ಹುಡುಕುತ್ತದೆ. ಆಮೇಲೆ ಸುಮ್ಮನಾಗಿ ಮೂಗು ಮಾತ್ರ ಮೇಲಿಟ್ಟುಕೊಂಡು ತೇಲುತ್ತದೆ. ಹಾಗೆ ಕೈಚೆಲ್ಲಿ ತೇಲಿದ ಹೊತ್ತನ್ನು ಸ್ಟಾಪ್‌ವಾಚಿನಲ್ಲಿ ಅಳೆಯುತ್ತಾರೆ. ಖಿನ್ನತೆಯ ಔಷಧಿ ಕುಡಿಸಿದ ಇಲಿ ಬೇಗ ಕೈಚೆಲ್ಲುವುದಿಲ್ಲ. ಹೊಸ ಔಷಧಿಯೊಂದು ಕೆಲಸ ಮಾಡುತ್ತದೋ ಇಲ್ಲವೋ ಎಂದು ಮೊದಲು ನೋಡುವುದು ಹೀಗೆ.

ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಮೈಸೂರಿನ ಒಂದು ಫಾರ್ಮಸಿ ಕಾಲೇಜಿನ ಪ್ರಾಣಿಮನೆಯಲ್ಲಿ ಅಟೆಂಡರ್ ಆಗಿದ್ದೆ. ಪಂಜರ ತೊಳೆಯುವುದು, ಭತ್ತದ ಹೊಟ್ಟು ಬದಲಿಸುವುದು, ಇಲಿಗಳಿಗೆ ತಿಂಡಿ ನೀರು ಇಡುವುದು, ರಿಜಿಸ್ಟರ್ ಬರೆಯುವುದು ನನ್ನ ಕೆಲಸ. "ನಿಮ್ಮೆಜಮಾನ್ರು ಏನ್ ಮಾಡ್ತಾರೆ ಅಂದ್ರೆ ಇಲಿ ಮೇಯಿಸ್ತಾರೆ ಅಂತೀನಿ" ಎಂದು ನನ್ನ ಹೆಂಡತಿ ನಂಟರ ಮುಂದೆ ನಗುತ್ತಿದ್ದಳು. ಆ ಕೆಲಸದಲ್ಲಿ ನಾನು ಒಬ್ಬರ ನಾಲ್ಕು ವರ್ಷ ಹಾಳು ಮಾಡಿದೆ. ಹೇಗೆ ಎಂಬುದನ್ನು ಬರೆಯುತ್ತಿದ್ದೇನೆ.

ಅವರು ಪಿಎಚ್‌ಡಿ ಮಾಡಲು ಸೇರಿದ್ದ ಹೆಣ್ಣುಮಗಳು. ನಾನು ಅವರನ್ನು ಮೇಡಂ ಅನ್ನುತ್ತಿದ್ದೆ, ಅವರು ನನ್ನನ್ನು ಯಜಮಾನ್ರೇ ಅನ್ನುತ್ತಿದ್ದರು. ಒಂದೆಲಗದ ಸೊಪ್ಪಿನಿಂದ ಖಿನ್ನತೆಗೆ ಔಷಧಿ ತೆಗೆಯುವುದು ಅವರ ವಿಷಯ. ಮನೆಗಳಲ್ಲಿ ಬುದ್ಧಿಗೆ ಒಳ್ಳೆಯದು ಎಂದು ಚಟ್ನಿ ಮಾಡಿ ತಿನ್ನುವ ಸೊಪ್ಪಿನೊಳಗೆ ಮನಸ್ಸನ್ನು ಮೇಲೆತ್ತುವ ಅಂಶ ಯಾವುದಿದೆ, ಅದನ್ನು ಬೇರ್ಪಡಿಸಿ ತೋರಿಸಬೇಕು. ಅವರಿಗೆ ಸಿಕ್ಕಿದ್ದ ಫೆಲೋಶಿಪ್ಪಿಗೆ ನಾಲ್ಕು ವರ್ಷದ ಅವಧಿ ಇತ್ತು. ಅಷ್ಟರೊಳಗೆ ಆ ಅಂಶ ಸಿಕ್ಕರೆ ಡಿಗ್ರಿ, ಇಲ್ಲದಿದ್ದರೆ ಇಲ್ಲ.

ಸೊಪ್ಪನ್ನು ಶ್ರೀರಂಗಪಟ್ಟಣದ ಕಡೆಯ ಒಂದು ನಾಲೆಯ ಏರಿಯಿಂದ ತಂದೆವು. ತೊಳೆದು, ಬಟ್ಟೆಯ ಮೇಲೆ ಹರಡಿ, ನೆರಳಲ್ಲೇ ಒಣಗಿಸಿ, ಪುಡಿ ಮಾಡಿ ಜರಡಿ ಹಿಡಿದೆವು. ಆ ಪುಡಿಯನ್ನು ಫಿಲ್ಟರ್ ಕಾಗದದ ಚೀಲಕ್ಕೆ ತುಂಬಿ ಗಾಜಿನ ಕೊಳವೆಯೊಳಗೆ ನಿಲ್ಲಿಸುತ್ತಾರೆ. ಕೆಳಗಿನ ಬುಡ್ಡಿಯಲ್ಲಿ ಆಲ್ಕೋಹಾಲ್ ಕುದಿದು ಆವಿಯಾಗಿ, ಮೇಲೆ ತಣಿದು, ಹನಿಹನಿಯಾಗಿ ಪುಡಿಯ ಮೇಲೆ ಬೀಳುತ್ತದೆ. ಕೊಳವೆ ತುಂಬಿದ ಕೂಡಲೇ ಎಲ್ಲ ಒಟ್ಟಿಗೆ ಬುಡ್ಡಿಗೆ ಇಳಿಯುತ್ತದೆ. ಇಳಿಯುವ ರಸ ಬಣ್ಣ ಕಳೆದುಕೊಳ್ಳುವವರೆಗೂ ಹೀಗೇ ನಡೆಯುತ್ತದೆ. ಕೊನೆಗೆ ಆಲ್ಕೋಹಾಲ್ ಹಾರಿಸಿದರೆ ಲೇಹ್ಯದಂತೆ ಕಪ್ಪು ಹಸಿರಿನ ಸಾರ ಉಳಿಯುತ್ತದೆ. ಅದನ್ನು ಗೋಂದಿನ ನೀರಿನಲ್ಲಿ ಕದಡಿ, ತುದಿ ಗುಂಡಗಿರುವ ಸೂಜಿಯಿಂದ ಇಲಿಯ ಬಾಯಿಗೆ ಬಿಡುವುದು.

ಪರೀಕ್ಷೆಗೆ ಮುಂಚೆ ಜಾಡಿಯ ಎತ್ತರ, ನೀರಿನ ಮಟ್ಟ, ವಿಡಿಯೋ ಹಿಡಿಯುವ ಜಾಗ ಎಲ್ಲ ಸರಿಯಿದೆಯೇ ಎಂದು ನೋಡಲು ಮೇಡಂ ಔಷಧಿ ಕೊಡದ ಆರು ಇಲಿಗಳನ್ನು ಒಮ್ಮೆ ಈಜಿಸಿದರು.

"ನೋಡಿ ಯಜಮಾನ್ರೇ, ಇವಕ್ಕೆ ಯಾರೂ ಕಲಿಸ್ದೆ ಈಜು ಬರುತ್ತೆ. ನಮ್ಮಪ್ಪ ನಂಗೆ ಎರಡು ಬೇಸಿಗೆ ಈಜೋಕೆ ಕಳಿಸಿದ್ರು, ದಂಡ."

"ನಿಮ್ಮನ್ನ ಬಾಲ ಹಿಡಿದು ಬುಟ್ಟಿದ್ರೆ ಬರ್ತಿತ್ತು ಬುಡಿ ಮೇಡಂ" ಎಂದೆ. ಜೋರಾಗಿ ನಕ್ಕರು.

ಈಜಿಸಿದ ಇಲಿಯನ್ನು ಮತ್ತೆ ಬಳಸಬಾರದು, ನಿಯಮದಂತೆ ಕೊನೆಗಾಣಿಸಬೇಕು. ಡಬ್ಬಿಯಲ್ಲಿಟ್ಟು ಗ್ಯಾಸ್ ಬಿಡುವ ಆ ಕೆಲಸ ನನ್ನದೇ. ಅವತ್ತು ಆಷಾಢದ ಮೊದಲನೇ ಶುಕ್ರವಾರ. ಬೆಳಗಿನ ಜಾವವೇ ಬೆಟ್ಟದ ಮೆಟ್ಟಿಲು ಹತ್ತಿ ತಾಯಿಯ ದರ್ಶನ ಮಾಡಿ, ಹಣೆಯ ಕುಂಕುಮ ಒರೆಸದೆ ಕೆಲಸಕ್ಕೆ ಬಂದಿದ್ದೆ. ಆಷಾಢ ಶುಕ್ರವಾರ ನಮ್ಮ ಮನೆಯಲ್ಲಿ ಮೊಟ್ಟೆ ಸಹ ಒಡೆಯುವುದಿಲ್ಲ. ಆರು ಜೀವ ತೆಗೆಯಲು ಕೈ ಬರಲಿಲ್ಲ. ನಾಳೆ ಮಾಡಿದರಾಯಿತು ಎಂದು ಪಂಜರವನ್ನು ಹಿಂದಿನ ಕೋಣೆಯಲ್ಲಿ ಹೊಟ್ಟಿನ ಮೂಟೆಗಳ ಮರೆಗೆ ಇಟ್ಟೆ. ರಿಜಿಸ್ಟರಿನಲ್ಲಿ ಮಾತ್ರ 'ವಿಲೇವಾರಿಯಾಗಿದೆ' ಎಂದು ಬರೆದು ಸಹಿ ಹಾಕಿದೆ. ಶನಿವಾರ ಬಂತು, ಮಾಡಲಿಲ್ಲ. ಎರಡನೇ ಶುಕ್ರವಾರ ಬಂತು. ಆಮೇಲೆ ಅವಕ್ಕೂ ನೀರು ತಿಂಡಿ ಇಡುವುದು ಅಭ್ಯಾಸವಾಯಿತು. ಎಲ್ಲವೂ ಗಂಡು, ಮರಿಯಾಗುವ ಭಯವಿರಲಿಲ್ಲ. ನಾನೇನೋ ಪುಣ್ಯದ ಕೆಲಸ ಮಾಡುತ್ತಿದ್ದೇನೆ ಎಂದುಕೊಂಡಿದ್ದೆ.

ನಿಜವಾದ ಪರೀಕ್ಷೆಯ ಇಪ್ಪತ್ನಾಲ್ಕು ಇಲಿಗಳು ಗಣೇಶನ ಹಬ್ಬಕ್ಕೆ ಒಂದು ವಾರ ಮುಂಚೆ ಬಂದವು. ಪಂಜರಕ್ಕೆ ಆರರಂತೆ ನಾಲ್ಕು ಪಂಜರ. ನೀರಿನ ಬಾಟಲಿ ತುಂಬಿ ತಲೆಕೆಳಗೆ ಸಿಕ್ಕಿಸಿದ ಮೇಲೆ ನಳಿಗೆಯ ತುದಿಗೆ ಬೆರಳಿಟ್ಟು ಹನಿ ಬರುತ್ತದೋ ಇಲ್ಲವೋ ನೋಡಬೇಕು. ಎಷ್ಟೋ ವರ್ಷದಿಂದ ನೋಡುತ್ತಿದ್ದವನು ಹಬ್ಬದ ಹಿಂದಿನ ಸಂಜೆ ನೋಡಲಿಲ್ಲ. ಹೂವು ಹಣ್ಣು ತರಬೇಕಿತ್ತು, ಅವಸರವಿತ್ತು. ರಜೆಯಲ್ಲೂ ದಿನಕ್ಕೊಮ್ಮೆ ಬಂದು ನೋಡಬೇಕೆಂಬ ನಿಯಮವಿತ್ತು. ಗೌರಿ, ಗಣೇಶ, ಮೇಲೊಂದು ಭಾನುವಾರ, ಮೂರು ದಿನವೂ ನಾನು ಬರಲಿಲ್ಲ. ಸೋಮವಾರ ಬಾಗಿಲು ತೆಗೆದಾಗ ಎರಡನೇ ಪಂಜರದ ಆರೂ ಇಲಿಗಳು ಒಂದರ ಮೇಲೊಂದು ಬಿದ್ದು ಸತ್ತಿದ್ದವು. ಬಾಟಲಿ ತುಂಬಿಯೇ ಇತ್ತು. ನಳಿಗೆಯಲ್ಲಿ ಗಾಳಿ ಸಿಕ್ಕಿಕೊಂಡಿತ್ತು.

ಮೇಡಂ ಬರುವುದಕ್ಕೆ ಅರ್ಧ ಗಂಟೆ ಇತ್ತು. ವಿಷಯ ತಿಳಿದರೆ ಹೊಸ ಇಲಿಗೆ ಮತ್ತೆ ಪ್ರಾಣಿಪ್ರಯೋಗ ಸಮಿತಿಯ ಅನುಮತಿ ಕೇಳಬೇಕು, ತಿಂಗಳುಗಟ್ಟಲೆ ಕಾಯಬೇಕು. ನನಗೆ ಮೆಮೊ ಖಂಡಿತ. ಸತ್ತವನ್ನು ತೆಗೆದುಹಾಕಿ, ಹಿಂದಿನ ಕೋಣೆಗೆ ಹೋಗಿ ಆ ಹಳೆಯ ಆರನ್ನು ತಂದು ಎರಡನೇ ಪಂಜರಕ್ಕೆ ಬಿಟ್ಟೆ. ಮೈಮೇಲೆ ಹಾಕಿದ್ದ ಹಳದಿ ಬಣ್ಣದ ಗುರುತು ಎರಡು ತಿಂಗಳಲ್ಲಿ ಉದುರಿ ಹೋಗಿತ್ತು. ಹೊಸದಾಗಿ ಒಂದಕ್ಕೆ ತಲೆ, ಒಂದಕ್ಕೆ ಬೆನ್ನು, ಒಂದಕ್ಕೆ ಬಾಲ ಎಂದು ಗುರುತು ಹಾಕಿದೆ. ಒಂದು ಇಲಿಗೆ ಬದಲು ಇನ್ನೊಂದು ಇಲಿ, ಅಷ್ಟೇ ಎಂದು ನಾನು ತಿಳಿದಿದ್ದೆ. ನನ್ನ ತಲೆಗೆ ಬೇರೇನೂ ಹೊಳೆದಿರಲಿಲ್ಲ.

ತೂಕ ಹಾಕುವಾಗ ಮೇಡಂ ಒಂದು ಕ್ಷಣ ನಿಂತರು. "ಈ ಪಂಜರದವು ಏನ್ರೀ ಇಷ್ಟು ದಪ್ಪ?"

"ಹಬ್ಬ ಅಲ್ವಾ ಮೇಡಂ, ಕಡುಬು ತಿಂದವೆ."

ಅವರು ನಕ್ಕು ತೂಕ ಬರೆದುಕೊಂಡರು. ಯಾವ ಪಂಜರಕ್ಕೆ ಯಾವ ಔಷಧಿ ಎಂಬುದಕ್ಕೆ ಚೀಟಿ ಹಾಕಿದರು. ಗೋಂದಿನ ನೀರು ಮಾತ್ರ ಕುಡಿಯುವ ಗುಂಪು ಒಂದು, ಅಂಗಡಿಯಲ್ಲಿ ಸಿಗುವ ಖಿನ್ನತೆಯ ಔಷಧಿಯ ಗುಂಪು ಒಂದು, ಸೊಪ್ಪಿನ ಸಾರವನ್ನು ಕಡಿಮೆ ಮತ್ತು ಹೆಚ್ಚು ಪ್ರಮಾಣದಲ್ಲಿ ಕುಡಿಯುವ ಗುಂಪು ಎರಡು. "ನೀವೇ ಎತ್ತಿ, ನಿಮ್ಮ ಕೈ ಒಳ್ಳೇದು" ಎಂದರು. ಎರಡನೇ ಪಂಜರಕ್ಕೆ ನಾನು ಎತ್ತಿದ ಚೀಟಿ ಗೋಂದಿನ ನೀರಿನದು. ಉಳಿದ ಗುಂಪುಗಳನ್ನೆಲ್ಲ ಹೋಲಿಸಿ ನೋಡುವುದು ಆ ಗುಂಪಿನ ಜೊತೆ.

ಪರೀಕ್ಷೆಯ ದಿನ ಆ ಆರೂ ನೀರಿಗೆ ಬಿಟ್ಟ ಸ್ವಲ್ಪ ಹೊತ್ತಿಗೇ ತೇಲತೊಡಗಿದವು. ಗಾಜು ಕೆರೆಯಲಿಲ್ಲ, ದಾರಿ ಹುಡುಕಲಿಲ್ಲ. ಸೊಪ್ಪಿನ ಗುಂಪಿನವು ಅವಕ್ಕಿಂತ ಎಷ್ಟೋ ಹೆಚ್ಚು ಒದ್ದಾಡಿದವು. ಮೇಡಂ ಲೆಕ್ಕ ಹಾಕಿ ಇನ್ನೊಮ್ಮೆ ಲೆಕ್ಕ ಹಾಕಿದರು. ಕಡಿಮೆ ಪ್ರಮಾಣಕ್ಕೂ ಹೆಚ್ಚು ಪ್ರಮಾಣಕ್ಕೂ ವ್ಯತ್ಯಾಸವೇ ಇಲ್ಲವಲ್ಲ ಎಂದು ಗೊಣಗಿಕೊಂಡರು; ಸಂತೋಷದಲ್ಲಿ ಅದು ಅಲ್ಲಿಗೇ ನಿಂತಿತು. ಅವರ ಗೈಡ್ ಪ್ರೊಫೆಸರ್ ಬಂದು ಹಾಳೆ ನೋಡಿ, "ಸೊಪ್ಪು ಕೆಲಸ ಮಾಡುತ್ತೆ ಕಣಮ್ಮ, ಬೇಗ ಪೇಪರ್ ಬರಿ" ಎಂದರು. ಅವತ್ತು ಸಂಜೆ ಎಲ್ಲ ಇಲಿಗಳನ್ನೂ ನಾನೇ ಕೊನೆಗಾಣಿಸಿದೆ. ಆ ಆರನ್ನು ಮೊದಲು ಮಾಡಿದೆ. ವಾರ ತಿಥಿ ಏನೂ ನೋಡಲಿಲ್ಲ.

ಪೇಪರ್ ಒಂದು ಪತ್ರಿಕೆಯಲ್ಲಿ ಅಚ್ಚಾಯಿತು. ಕೊನೆಯಲ್ಲಿ ಕೃತಜ್ಞತೆ ಹೇಳುವ ಜಾಗದಲ್ಲಿ ನನ್ನ ಹೆಸರಿತ್ತು. ಮೇಡಂ ಬೆರಳಿಟ್ಟು ತೋರಿಸಿದರು. ಮದುವೆ ಲಗ್ನಪತ್ರಿಕೆ ಬಿಟ್ಟರೆ ನನ್ನ ಹೆಸರು ಬೇರೆಲ್ಲೂ ಅಚ್ಚಾಗಿರಲಿಲ್ಲ. ಆ ಹಾಳೆಗೆ ಲ್ಯಾಮಿನೇಷನ್ ಮಾಡಿಸಿ ಟಿವಿಯ ಪಕ್ಕ ಇಟ್ಟೆ. ಬಂದವರಿಗೆಲ್ಲ ತೋರಿಸಿದೆ.

ಮುಂದಿನ ಕೆಲಸ ಸಾರದೊಳಗಿನ ಅಂಶಗಳನ್ನು ಬಿಡಿಸುವುದು. ಉದ್ದನೆಯ ಗಾಜಿನ ಕೊಳವೆಗೆ ಬಿಳಿ ಪುಡಿ ತುಂಬಿ, ಮೇಲಿಂದ ಸಾರ ಹಾಕಿ, ಒಂದಾದ ಮೇಲೊಂದು ದ್ರಾವಣ ಬಿಡುತ್ತಾ ಹೋದರೆ ಅಂಶಗಳು ಪಟ್ಟೆಪಟ್ಟೆಯಾಗಿ ಇಳಿಯುತ್ತವೆ. ಒಂದೊಂದನ್ನೂ ಬೇರೆ ಬೇರೆ ಟ್ಯೂಬಿನಲ್ಲಿ ಹಿಡಿದು, ಒಣಗಿಸಿ, ಇಲಿಗೆ ಕುಡಿಸಿ ಈಜಿಸಬೇಕು. ಮೇಡಂ ಏಳು ಭಾಗ ಮಾಡಿದರು. ಅನುಮತಿ ಬಂದು, ಇಲಿ ಬಂದು, ಏಳೂ ಮುಗಿಯುವಷ್ಟರಲ್ಲಿ ವರ್ಷ ಕಳೆಯಿತು. ಏಳರಲ್ಲಿ ಒಂದೂ ಕೆಲಸ ಮಾಡಲಿಲ್ಲ. ಬೇರ್ಪಡಿಸುವಾಗ ಅಂಶ ಕೆಟ್ಟಿರಬಹುದು ಎಂದು ಮೊದಲಿನ ಸಾರವನ್ನೇ ಮತ್ತೆ ಪರೀಕ್ಷಿಸಿದರು. ಅದೂ ಕೆಲಸ ಮಾಡಲಿಲ್ಲ. ಗೋಂದಿನ ನೀರು ಕುಡಿದ ಇಲಿಗಳೂ ಸಾರ ಕುಡಿದ ಇಲಿಗಳೂ ಒಂದೇ ಥರ ಈಜಿದವು, ಒಂದೇ ಥರ ಕೈಚೆಲ್ಲಿದವು.

ಆಗಲೂ ನನಗೆ ಏನೂ ತಿಳಿದಿರಲಿಲ್ಲ. ತಿಳಿದದ್ದು ಬಿಫಾರ್ಮ್ ಮಕ್ಕಳ ಒಂದು ಬ್ಯಾಚ್ ಪ್ರಾಣಿಮನೆ ನೋಡಲು ಬಂದ ಮಧ್ಯಾಹ್ನ. ಮೇಡಂ ಅವರಿಗೆ ಜಾಡಿ ತೋರಿಸಿ ವಿವರಿಸುತ್ತಿದ್ದರು. ಒಬ್ಬಳು ಕೇಳಿದಳು: "ಮೇಡಂ, ಇಲಿ ಚೆನ್ನಾಗೇ ಇರುತ್ತಲ್ಲ, ಮತ್ತೆ ಯೂಸ್ ಮಾಡ್ಬಾರ್ದಾ?"

"ಅಯ್ಯೋ, ಒಂದ್ಸಲ ಈಜಿದ್ದು ಬೇಡ್ವೇ ಬೇಡ. ಹೊರಗೆ ಹೋಗೋಕೆ ದಾರಿ ಇಲ್ಲ ಅಂತ ಅದು ಕಲಿತುಬಿಟ್ಟಿರುತ್ತೆ. ಎರಡನೇ ಸಲ ಬಿಟ್ರೆ ಟ್ರೈನೇ ಮಾಡಲ್ಲ, ಹಾಗೇ ತೇಲುತ್ತೆ. ಅಂಥ ಇಲಿನ ಹೋಲಿಕೆಗೆ ಇಟ್ಕೊಂಡ್ರೆ ಬರೀ ನೀರು ಕುಡಿಸಿದ ಇಲಿನೂ ಔಷಧಿ ಕುಡಿದ ಹಾಗೆ ಕಾಣುತ್ತೆ."

ನಾನು ತೊಟ್ಟಿಯ ಹತ್ತಿರ ಜಾಡಿ ತೊಳೆಯುತ್ತಿದ್ದೆ. ನಲ್ಲಿ ನಿಲ್ಲಿಸಿದೆ. ಆ ಆರು ಇಲಿ ಗಾಜು ಕೆರೆಯದೆ ತೇಲಿದ್ದು ಕಣ್ಣ ಮುಂದೆ ಬಂತು. ಸೊಪ್ಪಿನಲ್ಲಿ ಮೇಡಂ ಹುಡುಕುತ್ತಿದ್ದದ್ದು ಇರಲೇ ಇಲ್ಲ. ಇಲ್ಲದ್ದನ್ನು ಇದೆ ಎಂದು ತೋರಿಸಿದವನು ನಾನು.

ಅವತ್ತೇ ಹೇಳಿದ್ದರೆ ಒಂದು ವರ್ಷ ಹೋಗಿರುತ್ತಿತ್ತು, ಎರಡು ಉಳಿಯುತ್ತಿತ್ತು. ಹೇಳಲಿಲ್ಲ. ರಿಟೈರ್ ಆಗಲು ಮೂರು ವರ್ಷವಿತ್ತು, ಸುಳ್ಳು ರಿಜಿಸ್ಟರಿಗೆ ಸಸ್ಪೆಂಡ್ ಮಾಡುತ್ತಾರೆಂಬ ಭಯವಿತ್ತು. ಅದೊಂದೇ ಕಾರಣ ಎಂದು ಬರೆದರೆ ಅದೂ ಸುಳ್ಳಾಗುತ್ತದೆ. ಟಿವಿಯ ಪಕ್ಕದ ಆ ಹಾಳೆಯನ್ನು ತೆಗೆದಿಡಬೇಕಾಗುತ್ತದಲ್ಲ, ಹೆಂಡತಿ ಯಾಕೆ ಎಂದು ಕೇಳುತ್ತಾಳಲ್ಲ ಎಂಬುದೂ ಮನಸ್ಸಿನಲ್ಲಿತ್ತು.

ಮೇಡಂ ತಪ್ಪನ್ನು ಸೊಪ್ಪಿನಲ್ಲಿ ಹುಡುಕಿದರು. ಮೊದಲ ಸಲ ಕಿತ್ತ ತಿಂಗಳಲ್ಲೇ ಕೀಳಬೇಕು, ಅದೇ ನಾಲೆ, ಅದೇ ಏರಿ ಎಂದು ನನ್ನನ್ನು ಕರೆದುಕೊಂಡು ಹೋದರು.

"ಇಲ್ಲೇನಾ ಯಜಮಾನ್ರೇ, ಆ ಕಲ್ಲಿನ ಆಚೆನಾ?"

"ಕಲ್ಲಿನ ಈಚೆ ಮೇಡಂ. ಇಲ್ಲೇ."

ಮಂಡಿಯವರೆಗೆ ಕೆಸರಿನಲ್ಲಿ ನಿಂತು, ಬುಟ್ಟಿ ಹಿಡಿದು, ಒಂದೊಂದೇ ಎಲೆಯನ್ನು ಹಳೆಯ ಫೋಟೋ ಜೊತೆ ಹೋಲಿಸಿ ನೋಡುತ್ತಿದ್ದರು. ಇನ್ನೊಂದು ಸಲ ಒಣಗಿಸಿದ ರೀತಿ ತಪ್ಪಿರಬೇಕು ಎಂದು ಕಿಟಕಿಗೆ ಕಪ್ಪು ಬಟ್ಟೆ ಕಟ್ಟಿಸಿದರು. ಮತ್ತೊಂದು ಸಲ ಆಲ್ಕೋಹಾಲ್ ಬದಲಿಸಿದರು. ನಾನು ಪ್ರತಿ ಸಲವೂ ಜಾಡಿಗೆ ನೀರು ತುಂಬಿದೆ, ಥರ್ಮಾಮೀಟರ್ ಇಟ್ಟೆ, ಬಟ್ಟೆಯಲ್ಲಿ ಇಲಿಗಳ ಮೈ ಒರೆಸಿದೆ. ಕೈ ಎಲ್ಲ ಸರಿಯಾಗಿ ಮಾಡುತ್ತಿತ್ತು. ಬಾಯಿ ಬರಲಿಲ್ಲ. ಮೊದಲು ಊಟದ ಡಬ್ಬಿ ಹಿಡಿದು ಬಂದು ನನ್ನ ಜೊತೆ ಹರಟುತ್ತಾ ತಿನ್ನುತ್ತಿದ್ದ ಮೇಡಂ ಬರಬರುತ್ತಾ ಡಬ್ಬಿ ತೆರೆಯದೇ ವಾಪಸ್ ಒಯ್ಯುತ್ತಿದ್ದರು. ಒಂದು ದಿನ ಸ್ಟಾಪ್‌ವಾಚ್ ಕೈಯಲ್ಲಿ ಹಿಡಿದು ಒತ್ತುವುದನ್ನೇ ಮರೆತು ಕೂತಿದ್ದರು. ಇಲಿ ತೇಲುತ್ತಲೇ ಇತ್ತು. ನಾನೇ ಎತ್ತಿಕೊಂಡೆ.

"ಮೇಡಂ, ಆರೋಗ್ಯ ಸರಿ ಇಲ್ವಾ?"

"ಏನಿಲ್ಲ. ನಾನೇ ಎಲ್ಲೋ ಏನೋ ತಪ್ಪು ಮಾಡ್ತಿದ್ದೀನಿ ಯಜಮಾನ್ರೇ. ಒಂದ್ಸಲ ಬಂದಿದ್ದು ಮತ್ತೆ ಬರ್ತಿಲ್ಲ ಅಂದ್ರೆ ತಪ್ಪು ನಂದೇ ತಾನೆ?"

ಹೇಳುವುದಕ್ಕೆ ಅದಕ್ಕಿಂತ ಒಳ್ಳೆಯ ಗಳಿಗೆ ಸಿಗುತ್ತಿರಲಿಲ್ಲ. "ನಿಮ್ಮದೇನಿಲ್ಲ ಬುಡಿ" ಎಂದೆ. ಅವರು ಅದನ್ನು ಸಮಾಧಾನದ ಮಾತು ಎಂದುಕೊಂಡರು.

ಫೆಲೋಶಿಪ್ಪಿನ ಅವಧಿ ಮುಗಿಯಿತು. ಅಂಶ ಸಿಗದೆ ಥೀಸಿಸ್ ಇಲ್ಲ, ಬೇರೆ ವಿಷಯ ಹಿಡಿದು ಮೊದಲಿಂದ ಶುರು ಮಾಡಬೇಕು ಎಂದರು ಗೈಡ್. ಅದಕ್ಕೆ ಅವರಲ್ಲಿ ತ್ರಾಣವಿರಲಿಲ್ಲ. ಕಾಲೇಜು ಬಿಡುವಾಗ ಲೈಬ್ರರಿ, ಲ್ಯಾಬು, ಪ್ರಾಣಿಮನೆ ಎಲ್ಲ ಕಡೆ ಬಾಕಿ ಏನೂ ಇಲ್ಲ ಎಂದು ಒಂದು ಫಾರಂಗೆ ಸಹಿ ಹಾಕಿಸಿಕೊಳ್ಳಬೇಕು. ಮೇಡಂ ಆ ಫಾರಂ ಹಿಡಿದು ನನ್ನ ಮೇಜಿನ ಮುಂದೆ ನಿಂತರು. ಕೋಣೆಯಲ್ಲಿ ನಾವಿಬ್ಬರೇ. ಹೇಳಿಬಿಡೋಣ ಎಂದು ಪೆನ್ನು ಕೆಳಗಿಟ್ಟೆ. ಅವರು "ಇಂಕು ಖಾಲಿನಾ?" ಎಂದು ತಮ್ಮ ಪೆನ್ನು ಕೊಟ್ಟರು. ಅದನ್ನು ತೆಗೆದುಕೊಂಡು ಸಹಿ ಹಾಕಿದೆ.

"ನೀವೊಬ್ರು ಕಣ್ರೀ ಇಲ್ಲಿ ನಂಗೆ ಸರಿಯಾಗಿ ಕೆಲಸ ಮಾಡಿಕೊಟ್ಟೋರು" ಎಂದು ಹೇಳಿ ಹೋದರು.

ಮರುವರ್ಷ ನಾನು ರಿಟೈರ್ ಆದೆ. ಹೋದ ಬೇಸಿಗೆಯಲ್ಲಿ ದಟ್ಟಗಳ್ಳಿಯ ನಮ್ಮ ಮನೆಗೆ ಒಬ್ಬ ಹುಡುಗ ವಿಳಾಸ ಹುಡುಕಿಕೊಂಡು ಬಂದ. ಅದೇ ಗೈಡಿನ ಹೊಸ ಪಿಎಚ್‌ಡಿ ವಿದ್ಯಾರ್ಥಿ. ಕೈಯಲ್ಲಿ ಆ ಪೇಪರಿನ ಪ್ರತಿ ಇತ್ತು. "ಅಂಕಲ್, ಒಂದೆಲಗದ ಎಕ್ಸ್‌ಟ್ರಾಕ್ಟ್ ಇಷ್ಟು ಚೆನ್ನಾಗಿ ಕೆಲಸ ಮಾಡಿದೆ, ಮೇಡಂ ಕೈಲಿ ಅಂಶ ಬಿಡಿಸೋಕಾಗ್ಲಿಲ್ಲ, ನೀನು ಮುಂದುವರಿಸು ಅಂದ್ರು ಸರ್. ಸೊಪ್ಪು ಯಾವ ಜಾಗದ್ದು ಅಂತ ನಿಮಗೆ ಗೊತ್ತಂತೆ."

ಎಲ್ಲ ಹೇಳಿದೆ. ನನ್ನ ಹೆಂಡತಿ ಕಾಫಿ ಹಿಡಿದು ಬಾಗಿಲಲ್ಲೇ ನಿಂತು ಕೇಳಿಸಿಕೊಂಡಳು. ಹುಡುಗ ಕೊನೆಯವರೆಗೂ ಮರ್ಯಾದೆಯಿಂದ ಕೇಳಿದ. ಆಮೇಲೆ, "ಅಂಕಲ್, ಇದು ಪ್ರಿಂಟ್ ಆಗಿರೋ ಪೇಪರ್. ನಾಲ್ಕು ಜನ ಓದಿ ಒಪ್ಪಿರ್ತಾರೆ. ನಿಮಗೆ ವಯಸ್ಸಾಗಿದೆ, ಯಾವುದೋ ಬ್ಯಾಚ್ ಇನ್ಯಾವುದೋ ಬ್ಯಾಚ್ ಆಗಿರ್ಬಹುದು. ಅನುಮತಿ ಬಂದಾಯ್ತು, ಮುಂದಿನ ವಾರ ಇಲಿ ಬರ್ತಾವೆ" ಎಂದ. ನಾಲೆ ಎಲ್ಲಿದೆ ಎಂದು ಮತ್ತೆ ಕೇಳಿದ. ನಾನು ಹೇಳಲಿಲ್ಲ. ಬೇರೆ ಯಾರೋ ಹೇಳಿರಬೇಕು, ಕಿತ್ತು ತಂದನಂತೆ.

ಹುಡುಗ ಬಂದುಹೋದ ಮಾರನೆಯ ದಿನ ರಾಮಕೃಷ್ಣನಗರಕ್ಕೆ ಹೋದೆ. ಮೇಡಂ ಅಲ್ಲಿ ಮನೆಯ ಮಹಡಿಯ ಮೇಲೆ ಪಿಯುಸಿ ಮಕ್ಕಳಿಗೆ ಪಾಠ ಹೇಳುತ್ತಾರೆ. ಪಾಠ ಮುಗಿಯುವವರೆಗೂ ಮೆಟ್ಟಿಲ ಮೇಲೆ ಕೂತಿದ್ದೆ. ನೋಡಿದವರೇ, "ಏನ್ ಯಜಮಾನ್ರೇ, ಸೊರಗಿಹೋಗಿದ್ದೀರ!" ಎಂದು ಕುರ್ಚಿ ಎಳೆದುಕೊಟ್ಟರು. ನಾನು ಕೂರದೆ ಹೇಳಿದೆ. ಹೇಳುವಾಗ ಅವರು ಬೋರ್ಡ್ ಒರೆಸುತ್ತಿದ್ದರು, ಕೈ ನಿಂತಿತು. ಬೈದರೆ ಬೈಸಿಕೊಳ್ಳೋಣ ಎಂದು ಬಂದಿದ್ದೆ. ಬೈಯಲಿಲ್ಲ. ಯಾವ ಪಂಜರ, ಎಷ್ಟು ದಿನದ ಅಂತರ, ಆರೂ ಅವೇನಾ ಎಂದು ಕೇಳಿದರು, ಅಷ್ಟೇ. ಆಮೇಲೆ ಬೋರ್ಡಿನಲ್ಲಿ ಉಳಿದಿದ್ದುದನ್ನು ಒರೆಸಿ ಮುಗಿಸಿದರು.

"ಇದನ್ನೆಲ್ಲ ಬರೆದುಕೊಡಿ. ಕನ್ನಡದಲ್ಲೇ ಬರೀರಿ. ನಾನು ಇಂಗ್ಲಿಷ್ ಮಾಡಿ ಆ ಪತ್ರಿಕೆಗೂ ಸರ್‌ಗೂ ಕಳಿಸ್ತೀನಿ."

"ಅವರು ಒಪ್ತಾರಾ ಮೇಡಂ?"

"ಇಲ್ಲ ಅನ್ಸುತ್ತೆ. ಒಪ್ಪಿದ್ರೂ ನನ್ನ ಹೆಸರೇ ಕೆಡೋದು. ಬರೀರಿ."

ಮೂರು ದಿನ ಕೂತು ನಾಲ್ಕು ಪುಟ ಬರೆದೆ. ಶುಕ್ರವಾರದ್ದು, ಬಾಟಲಿಯದು, ಪಂಜರ ಬದಲಿಸಿದ್ದು, ಚೀಟಿ, ಎಲ್ಲ ಇತ್ತು. ಹೋಗಿ ಕೊಟ್ಟೆ. ಅವರು ನಿಂತೇ ಓದಿದರು, ಹಿಂದಿನ ಪುಟಕ್ಕೆ ಹೋಗಿ ಮತ್ತೆ ಓದಿದರು.

"ಬದಲಾಯಿಸಿದ್ದು ಯಾವಾಗ ಅಂತ ಬರೆದಿದ್ದೀರ. ಅದ್ರಿಂದ ಏನಾಯ್ತು ಅಂತ ನಿಮಗೆ ಗೊತ್ತಾಗಿದ್ದು ಯಾವಾಗ?"

ನಾನು ಅದನ್ನು ಬರೆದಿರಲಿಲ್ಲ. ಬಿಫಾರ್ಮ್ ಮಕ್ಕಳು ಬಂದ ಮಧ್ಯಾಹ್ನದ ವಿಷಯ ಹೇಳಿದೆ. ನಾನು ತೊಟ್ಟಿಯ ಹತ್ತಿರ ನಿಂತಿದ್ದೆ ಎಂದೆ.

ಅವರ ಮುಖದಲ್ಲಿ ಇಲಿ ಬದಲಿಸಿದ ಮಾತು ಕೇಳಿದಾಗ ಇಲ್ಲದ್ದೇನೋ ಈಗ ಬಂತು. ಕುರ್ಚಿಯಲ್ಲಿ ಕೂತರು.

"ಗೊತ್ತಾದ ಮೇಲೆ ಎಷ್ಟು ಸಲ ನನ್ನ ಜೊತೆ ನಾಲೆಗೆ ಬಂದ್ರಿ?"

"ನಾಲ್ಕು ಸಲ."

ಕಾಗದಗಳನ್ನು ನನ್ನ ಕಡೆ ತಳ್ಳಿ, ಮೇಜಿನ ಮೇಲಿದ್ದ ಪೆನ್ನು ಅದರ ಮೇಲಿಟ್ಟರು.

"ಅದನ್ನೂ ಬರೀರಿ" ಎಂದರು.